ಬಣ್ಣ ಹೋದ ಗಿಟಾರ್‌ಗೆ ಮೂರೂವರೆ ಲಕ್ಷ ಕೊಡಬೇಕಾ?

ಪ್ರಶ್ನೆ: ನಾನು ಮಂಡ್ಯದವನು, ಎಂಜಿನಿಯರಿಂಗ್ ಕೊನೆಯ ವರ್ಷ. ನಮ್ಮದೊಂದು ಸಣ್ಣ ರಾಕ್ ಬ್ಯಾಂಡ್ ಇದೆ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅಂದರೆ ನನಗೆ ಪ್ರಾಣ. ಬಣ್ಣವೆಲ್ಲ ಕಿತ್ತುಹೋದ ಅವರ 1961ರ ಫೆಂಡರ್ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರ್ ನೋಡಿ ನೋಡಿ ಅಂಥದ್ದೇ ಬೇಕು ಅನ್ನಿಸಿದೆ. ಮೈಸೂರಿನ ಪರಿಚಯದವರೊಬ್ಬರು ತಮ್ಮ ಹತ್ತಿರ 1961ರದ್ದೇ ಸ್ಟ್ರಾಟ್ ಇದೆ, ಎಲ್ಲಾ ಒರಿಜಿನಲ್, ಮೂರೂವರೆ ಲಕ್ಷಕ್ಕೆ ಕೊಡುತ್ತೇನೆ ಅಂತಿದ್ದಾರೆ. ನೋಡೋಕೆ ಹಳೆಯದಾಗೇ ಇದೆ. ಈ ಸಲದ ಕಬ್ಬಿನ ದುಡ್ಡಿನಲ್ಲಿ ಕೊಡಿಸುತ್ತೇನೆ ಅಂತ ಅಪ್ಪನೂ ಒಪ್ಪಿದ್ದಾರೆ. ತಗೊಳ್ಳಲಾ? ಹಳೇ ಗಿಟಾರಿನ ನಾದ ನಿಜವಾಗಲೂ ಬೇರೆನಾ?

ಉತ್ತರ: ಮೊದಲು ಅಪ್ಪನಿಗೆ ಹೇಳಿ, ಕಬ್ಬಿನ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ.

ಗಿಟಾರ್ ನೋಡದೆ ಅದು ಸುಳ್ಳು ಅನ್ನೋಕೆ ನನಗೆ ಇಷ್ಟವಿಲ್ಲ. ಮಾರುವವರು ಮೋಸಗಾರರು ಅಂತಲೂ ಹೇಳುತ್ತಿಲ್ಲ. ಎಷ್ಟೋ ಸಲ ಅವರಿಗೂ ಯಾರೋ ಹಾಗೇ ಹೇಳಿ ಮಾರಿರುತ್ತಾರೆ. ಆದರೆ ಲೆಕ್ಕ ಕೂಡುತ್ತಿಲ್ಲ. ನಿಜವಾದ 1961ರ ಸ್ಟ್ರಾಟ್, ಅದೂ ಒಂದು ಸ್ಕ್ರೂ ಕೂಡ ಬದಲಾಗದೆ ಇರೋದು, ಹೊರದೇಶದಲ್ಲಿ ಹತ್ತಾರು ಲಕ್ಷ ರೂಪಾಯಿಗೆ ಹೋಗುತ್ತದೆ. ಅಂಥದ್ದು ಮೂರೂವರೆ ಲಕ್ಷಕ್ಕೆ ಸಿಗುತ್ತಿದೆ ಅಂದರೆ ಒಂದೋ ಅದು 1961ರದ್ದಲ್ಲ, ಇಲ್ಲಾ ಒರಿಜಿನಲ್ ಅಲ್ಲ, ಇಲ್ಲಾ ಮಾರುವವರಿಗೆ ಬೆಲೆ ಗೊತ್ತಿಲ್ಲ. ಈ ಮೂರನೆಯದು ನನ್ನ ಮೂವತ್ತು ವರ್ಷದ ಗಿಟಾರ್ ರಿಪೇರಿ ಕೆಲಸದಲ್ಲಿ ಒಂದು ಸಲವೂ ಆಗಿಲ್ಲ. ಫೋನಿನಲ್ಲಿ ಇಂಟರ್ನೆಟ್ ಇರುವ ಯಾರಿಗೂ ಈಗ ಬೆಲೆ ಗೊತ್ತಿರುತ್ತದೆ, ಅಲ್ವಾ?

ಆದರೆ ತೊಡಕು ನಿಮ್ಮ ಪ್ರಶ್ನೆಯ ಒಳಗೇ ಇನ್ನೊಂದಿದೆ. ರೋರಿಯ ಗಿಟಾರ್ ಥರದ್ದು ಬೇಕು ಅಂತೀರಿ, ಎಲ್ಲಾ ಒರಿಜಿನಲ್ ಇರಬೇಕು ಅಂತಲೂ ಅಂತೀರಿ. ರೋರಿಯ ಗಿಟಾರೇ ಎಲ್ಲಾ ಒರಿಜಿನಲ್ ಅಲ್ಲವಲ್ಲ!

ಆ ಗಿಟಾರಿನ ಕಥೆ ಸ್ವಲ್ಪ ಹೇಳುತ್ತೇನೆ, ನಿಮಗೆ ಅರ್ಧ ಗೊತ್ತಿರಬಹುದು. ಐರ್ಲೆಂಡಿನ ರಾಯಲ್ ಶೋಬ್ಯಾಂಡ್ ಅನ್ನೋ ತಂಡದ ಗಿಟಾರ್ ವಾದಕರು ಅಮೆರಿಕದಿಂದ ಕೆಂಪು ಬಣ್ಣದ ಸ್ಟ್ರಾಟ್ ತರಿಸಿಕೊಂಡರು. ಬಂದಿದ್ದು ಸನ್‌ಬರ್ಸ್ಟ್, ಅಂದರೆ ಅಂಚಿನಲ್ಲಿ ಕಪ್ಪು, ಒಳಗೆ ಬರುತ್ತಾ ಕೆಂಪು, ನಡುವೆ ಹಳದಿ. ಕೆಂಪಿನದು ಬರುವವರೆಗೆ ಅದನ್ನೇ ನುಡಿಸಿದರು. ಅದು ಬಂದ ಮೇಲೆ ಇದನ್ನು ಕಾರ್ಕ್ ಊರಿನ ಕ್ರೌಲೀಸ್ ಅಂಗಡಿಗೆ ಸೆಕೆಂಡ್ ಹ್ಯಾಂಡ್ ಆಗಿ ಕೊಟ್ಟರು. 1963ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಸುಮಾರು 100 ಪೌಂಡಿಗೆ, ಕಂತಿನ ಮೇಲೆ, ಅದನ್ನು ತಗೊಂಡ. ಅದೇ ರೋರಿ. ಐರ್ಲೆಂಡಿಗೆ ಬಂದ ಮೊದಲ ಸ್ಟ್ರಾಟ್ ಅದೇ ಅಂತ ಹೇಳುತ್ತಾರೆ. ಅಂದರೆ ನೋಡಿ, ಆ ಹುಡುಗ ಕೊಂಡಾಗ ಅದು ವಿಂಟೇಜ್ ಅಲ್ಲ. ಎರಡು ವರ್ಷ ಹಳೆಯದಾದ, ಒಬ್ಬರು ಬೇಡ ಅಂದ ಗಿಟಾರ್.

ಆಮೇಲೆ ಅದು ಡಬ್ಲಿನ್‌ನಲ್ಲಿ ಕಳುವಾಯಿತು. ಸಿಕ್ಕಿದ್ದು ಒಂದು ಹಳ್ಳದಲ್ಲಿ, ಮಳೆಯಲ್ಲಿ ನೆನೆದು. ರೋರಿ ನುಡಿಸುವಾಗ ಬೆವರು ಸುರಿಯುತ್ತಿತ್ತು. ಆ ಬೆವರಿಗೇ ಬಣ್ಣ ಎದ್ದುಹೋಗಿ ಒಳಗಿನ ಮರ ಕಾಣಿಸಿಕೊಂಡಿತು. ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ, ತೇವ ಹೀರಿ ಬಾಗಿದಾಗ ಅದನ್ನು ಬಿಚ್ಚಿಟ್ಟು ಬೇರೆ ನೆಕ್ ಹಾಕಿದರು. ಹಳೆಯದು ಸರಿಹೋದ ಮೇಲೆ ಮತ್ತೆ ಅದನ್ನೇ ಕೂರಿಸಿದರು. ಫ್ರೆಟ್‌ಗಳನ್ನು, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು, ಎಷ್ಟು ಸಲ ಬದಲಿಸಿದರೋ ಲೆಕ್ಕವಿಲ್ಲ. ಬಿರಡೆಗಳು ಸವೆದಾಗ ಬೇರೆ ಹಾಕಿಸಿದರು. ಕೊನೆಗೆ ಅದರಲ್ಲಿದ್ದದ್ದು ಸ್ಪರ್ಜೆಲ್ ಕಂಪನಿಯ ಐದು ಬಿರಡೆ, ಗೊಟೊ ಕಂಪನಿಯ ಒಂದು ಬಿರಡೆ. ಆರೂ ಒಂದೇ ಥರ ಇರಲಿ ಅನ್ನೋ ಆಸೆಯೂ ಆ ಮನುಷ್ಯನಿಗೆ ಇರಲಿಲ್ಲ. ಹನ್ನೆರಡನೇ ಫ್ರೆಟ್ಟಿನ ಹತ್ತಿರದ ಒಂದು ಗುರುತಿನ ಚುಕ್ಕೆ ಬಿದ್ದುಹೋಗಿತ್ತು, ಅಲ್ಲಿಗೆ ಬಿಳಿ ಪ್ಲಾಸ್ಟಿಕ್ಕಿನದೊಂದು ಕೂತಿದೆ. ಸ್ವರ ನಡುಗಿಸುವ ಟ್ರೆಮೊಲೊ ಬೇಡ ಅಂತ ಹಿಂದೆ ಮರದ ತುಂಡು ತುರುಕಿ ಅಲ್ಲಾಡದ ಹಾಗೆ ಮಾಡಿದ್ದರು. ಟೋನ್ ಗುಬ್ಬಿಗಳ ವೈರಿಂಗನ್ನೂ ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿದ್ದರು.

ರೋರಿ ತೀರಿಕೊಂಡಿದ್ದು 1995ರಲ್ಲಿ. 2024ರ ಅಕ್ಟೋಬರ್‌ನಲ್ಲಿ ಲಂಡನ್‌ನ ಬೋನಮ್ಸ್ ಹರಾಜಿನಲ್ಲಿ ಆ ಗಿಟಾರ್ 8,89,400 ಪೌಂಡಿಗೆ ಹೋಯಿತು. ಕೊಂಡವರು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟರು. ಅದೇ ಗಿಟಾರನ್ನು, ರೋರಿ ಹೆಸರು ತೆಗೆದು, ಬರೀ 1961ರ ಸ್ಟ್ರಾಟ್ ಅಂತ ಸಂಗ್ರಹಕಾರರ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತು? ಬಣ್ಣ ಇಲ್ಲ, ಬಿರಡೆ ಬೇರೆ, ವೈರಿಂಗ್ ಬೇರೆ ಅಂತ ಮೂಗು ಮುರಿಯುತ್ತಿದ್ದರು.

ದೊಡ್ಡ ದೊಡ್ಡವರ ನೆಚ್ಚಿನ ಗಿಟಾರ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಎರಿಕ್ ಕ್ಲಾಪ್ಟನ್ ಅವರ 'ಬ್ಲ್ಯಾಕಿ' ಒಂದು ಗಿಟಾರೇ ಅಲ್ಲ. ಮೂರು ಹಳೇ ಸ್ಟ್ರಾಟ್‌ಗಳ ಒಳ್ಳೊಳ್ಳೆ ಭಾಗ ಸೇರಿಸಿ ಕಟ್ಟಿದ್ದು. ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟ್‌ನ ಕಪ್ಪು ಬಣ್ಣದ ಕೆಳಗೆ ಸನ್‌ಬರ್ಸ್ಟ್ ಇದೆ. ಅದರ ನೆಕ್, ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಪಿಕಪ್ ಎಷ್ಟೋ ಸಲ ಬದಲಾಗಿವೆ. 2019ರಲ್ಲಿ ಅದು 39,75,000 ಡಾಲರ್‌ಗೆ ಮಾರಾಟವಾಯಿತು. ಕೀತ್ ರಿಚರ್ಡ್ಸ್ ತಮ್ಮ ಐವತ್ತರ ದಶಕದ ಟೆಲಿಕಾಸ್ಟರ್‌ನಿಂದ ಆರನೇ ತಂತಿಯನ್ನೇ ಕಿತ್ತು ಹಾಕಿ ಐದೇ ತಂತಿಯಲ್ಲಿ ನುಡಿಸುತ್ತಾರೆ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು 'ಗ್ರೀನಿ'. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್. ಅದರ ಒಂದು ಪಿಕಪ್‌ನ ಅಯಸ್ಕಾಂತ ತಿರುವುಮುರುವಾಗಿದೆ. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಒಂದರ ದನಿ ಇನ್ನೊಂದನ್ನು ಅರ್ಧ ನುಂಗಿಬಿಡುತ್ತದೆ. ಉಳಿಯೋದು ತೆಳ್ಳಗೆ, ನೆಗಡಿಯಾದವರು ಮೂಗಿನಲ್ಲಿ ಹಾಡಿದ ಹಾಗೆ ಒಂದು ನಾದ. ನನ್ನ ಹತ್ತಿರ ಅಂಥ ಗಿಟಾರ್ ರಿಪೇರಿಗೆ ಬಂದಿದ್ದರೆ ಹತ್ತು ನಿಮಿಷದಲ್ಲಿ 'ಸರಿ' ಮಾಡಿ ಕೊಟ್ಟುಬಿಡುತ್ತಿದ್ದೆ. ಪುಣ್ಯಕ್ಕೆ ಯಾರೂ ಸರಿ ಮಾಡಲಿಲ್ಲ. ಗ್ರೀನ್ ಅದನ್ನು ಗಿಟಾರ್ ವಾದಕ ಗ್ಯಾರಿ ಮೂರ್‌ಗೆ ಕೊಟ್ಟರು. ಈಗ ಅದು ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹತ್ತಿರ ಇದೆ, ವೇದಿಕೆಯಲ್ಲಿ ನುಡಿಸುತ್ತಲೂ ಇದ್ದಾರೆ.

ನಾನು ಹೇಳೋದು ಇಷ್ಟೇ. ಸಂಗ್ರಹಕಾರರು ದುಡ್ಡು ಕೊಡೋದು ಬದಲಾಗದೆ ಉಳಿದದ್ದಕ್ಕೆ. ನುಡಿಸುವವರು ಪ್ರೀತಿಸೋದು ತಮ್ಮ ಕೈಗೆ ತಕ್ಕಂತೆ ಬದಲಾದದ್ದನ್ನು. ಇವೆರಡೂ ಬೇರೆ ಬೇರೆ ಚಟ. ನೀವು ನುಡಿಸುವವರು, ಆದರೆ ಕೇಳುತ್ತಿರೋದು ಸಂಗ್ರಹಕಾರರ ಪ್ರಶ್ನೆ.

ನನ್ನ ತಂದೆ ವೀಣೆ, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಮೈಸೂರಿನಲ್ಲಿ ಮನೆಮನೆಯಲ್ಲಿ ವೀಣೆ ಇದ್ದ ಕಾಲ. ವೀಣೆಯ 24 ಮೆಟ್ಟಿಲುಗಳು ಕೂರೋದು ಮೇಣದ ಮೇಲೆ. ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ಮೆಟ್ಟಿಲು ಸವೆಯುತ್ತವೆ, ಸ್ವರ ಜಾರುತ್ತದೆ. ಆಗ ಹಳೇ ಮೇಣ ಕೆರೆದು, ಹೊಸದು ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಟ್ಟು ಕೂರಿಸಬೇಕು. ಮೇಳ ಕಟ್ಟೋದು ಅಂತೀವಿ. ಅಜ್ಜಿಯ ಕಾಲದ ವೀಣೆ ತಂದವರು ಯಾರೂ ಅಪ್ಪನಿಗೆ 'ಒರಿಜಿನಲ್ ಮೇಣ ಹಾಗೇ ಇರಲಿ' ಅಂತ ಹೇಳಿದ್ದನ್ನು ನಾನು ಕೇಳಿಲ್ಲ. ಚೆನ್ನಾಗಿ ಮೇಳ ಕಟ್ಟಿಸಿಕೊಂಡ ವೀಣೆಯೇ ಒಳ್ಳೆ ವೀಣೆ. ಗಿಟಾರ್‌ಗೆ ಮಾತ್ರ ಬೇರೆ ನ್ಯಾಯ ಯಾಕೋ!

ನಾನೇ ಮಾಡಿದ ಒಂದು ಅನಾಹುತ ಹೇಳುತ್ತೇನೆ. ತೊಂಬತ್ತರ ದಶಕದ ಮೊದಲು, ಕೆಲಸ ಕಲಿಯುತ್ತಿದ್ದ ದಿನಗಳು. ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಹಿರಿಯರೊಬ್ಬರು ಸನ್‌ಬರ್ಸ್ಟ್ ಸ್ಟ್ರಾಟ್ ಒಂದನ್ನು ಬಟ್ಟೆ ಚೀಲದಲ್ಲಿ ತಂದರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರಣ್ಣ ತಂದುಕೊಟ್ಟಿದ್ದಂತೆ. ಮೈತುಂಬ ಬಿರುಕು, ಮೊಣಕೈ ತಾಗುವ ಕಡೆ ಬಣ್ಣವೇ ಇಲ್ಲ. "ಆರತಕ್ಷತೆಗೆ ಹೋದ್ರೆ ಜನ ಇದೇನಪ್ಪಾ ಗುಜರಿ ಅಂತಾರೆ, ಹೊಸದರ ಹಾಗೆ ಮಾಡ್ಕೊಡು" ಅಂದರು. ನಾನು ನಾಲ್ಕು ದಿನ ಕೂತು ಸ್ಯಾಂಡ್ ಪೇಪರ್‌ನಲ್ಲಿ ಬಣ್ಣವನ್ನೆಲ್ಲ ಉಜ್ಜಿ ತೆಗೆದೆ. ಪಿಕ್‌ಗಾರ್ಡ್, ಅಂದರೆ ಮುಂಭಾಗದ ಪ್ಲಾಸ್ಟಿಕ್ ಹಲಗೆ, ಬಿಚ್ಚಿದರೆ ಕೆಳಗೆ ಸಣ್ಣ ಮೊಳೆಯ ತೂತುಗಳು. ಅಯ್ಯೋ, ಯಾರೋ ಮೊಳೆ ಹೊಡೆದು ಹಾಳು ಮಾಡಿದ್ದಾರೆ ಅಂತ ಪುಟ್ಟಿ ತುಂಬಿ ನೀಟಾಗಿ ಮುಚ್ಚಿದೆ. ಮೇಲೆ ಅರಗಿನ ಪಾಲಿಶ್, ಏಳು ಕೈ. ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಲ್ಲಿ ಬೀಟೆ ಮರದ ಆನೆ ಹೊಳೆಯುತ್ತದಲ್ಲ, ಹಾಗೆ ಹೊಳೆಯಿತು. ನೆಕ್ ಬಿಚ್ಚಿದಾಗ ಅದರ ಬುಡದಲ್ಲಿ ಇಂಗ್ಲಿಷಿನಲ್ಲಿ 'ಮಾರ್ಚ್ 64' ಅಂತ ಸೀಲು ಕಂಡಿತ್ತು. ಗೋದಾಮಿನ ಸೀಲೇನೋ ಅಂದುಕೊಂಡೆ. ಅವರು ಖುಷಿಯಾಗಿ ನಾನೂರು ರೂಪಾಯಿ ಕೊಟ್ಟರು.

ನಾನು ಆವತ್ತು ಏನು ಮಾಡಿದೆ ಅನ್ನೋದು ಗೊತ್ತಾಗಿದ್ದು ಹತ್ತು ವರ್ಷ ಕಳೆದ ಮೇಲೆ. ಮೂಲ ಬಣ್ಣ ಹೋದರೆ ಅಂಥ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಫೆಂಡರ್ ಕಂಪನಿಯನ್ನು ಲಿಯೋ ಫೆಂಡರ್ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಮಾರಿದ್ದು 1965ರ ಜನವರಿಯಲ್ಲಿ. ಅದಕ್ಕೆ ಮುಂಚಿನವನ್ನು ಸಂಗ್ರಹಕಾರರು ದೇವರ ಹಾಗೆ ನೋಡುತ್ತಾರೆ. ನಾನು ಉಜ್ಜಿದ್ದು 1964ರದ್ದು. ನಿದ್ದೆ ಬರಲಿಲ್ಲ. ಕೊನೆಗೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, "ಅದನ್ನ ಮಾರೋಕೆ ಇಟ್ಕೊಂಡಿದ್ನೇನಯ್ಯ?" ಅಂದರು. ಆ ಗಿಟಾರ್ ಅಷ್ಟರಲ್ಲಿ ಮಂಡ್ಯ, ಮದ್ದೂರು, ಪಾಂಡವಪುರದ ಗಣೇಶನ ಪೆಂಡಾಲ್‌ಗಳಲ್ಲೆಲ್ಲ ನುಡಿದು, ನನ್ನ ಪಾಲಿಶ್ ಕೂಡ ಮೊಣಕೈ ಹತ್ತಿರ ಎದ್ದುಹೋಗಿತ್ತು.

ಈಗ ನಾದದ ವಿಷಯ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನೀವು ಕೇಳೋದು ಮರದ ಪೆಟ್ಟಿಗೆಯ ದನಿ ಅಲ್ಲ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸುತ್ತದೆ, ಸುತ್ತಿದ ತಾಮ್ರದ ತಂತಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಹಳೇ ಸ್ಟ್ರಾಟ್‌ನ ಪಿಕಪ್‌ನಲ್ಲಿ ಕೂದಲಿಗಿಂತ ತೆಳ್ಳಗಿನ ತಂತಿ ಸುಮಾರು ಎಂಟು ಸಾವಿರ ಸುತ್ತು ಇರುತ್ತದೆ. ಆಗ ಮಷೀನ್ ತಿರುಗುತ್ತಿತ್ತು, ಆದರೆ ತಂತಿಯನ್ನು ಆ ಕಡೆ ಈ ಕಡೆ ನಡೆಸುತ್ತಿದ್ದದ್ದು ಕೆಲಸದ ಹೆಣ್ಣುಮಕ್ಕಳ ಬೆರಳು. ಹಾಗಾಗಿ ಒಂದು ಪಿಕಪ್ ಇನ್ನೊಂದರ ಹಾಗಿಲ್ಲ. ಒಂದು ದಿನ ಜಾಸ್ತಿ ಸುತ್ತು, ಒಂದು ದಿನ ಕಮ್ಮಿ. ಕೆಲವು ಹಳೇ ಗಿಟಾರ್ ಅದ್ಭುತವಾಗಿರುತ್ತವೆ, ಕೆಲವು ಸುಮ್ನೆ ಹಳೆಯವು ಅಷ್ಟೇ. ಹಳೆಯದೆಲ್ಲ ಚೆನ್ನ ಅನ್ನೋದನ್ನು ನಾನು ಒಪ್ಪಲ್ಲ. ಕೆಟ್ಟ ಹಳೇ ಗಿಟಾರ್‌ಗಳೂ ನನ್ನ ಮೇಜಿನ ಮೇಲೆ ಬೇಕಾದಷ್ಟು ಮಲಗಿವೆ.

ಇನ್ನು ರೋರಿಯ ನಾದದಲ್ಲಿ ಅರ್ಧ ಪಾಲು ಆಂಪ್‌ನದು. ವಾಕ್ಸ್ ಎಸಿ30 ಅನ್ನೋ ಇಂಗ್ಲೆಂಡಿನ ವಾಲ್ವ್ ಆಂಪ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ, ಮೇಲಿನ ಸ್ವರಗಳನ್ನು ಎತ್ತಿಕೊಡುವ ಪುಟ್ಟ ಪೆಟ್ಟಿಗೆ. ಇದಕ್ಕೆ ಒಳ್ಳೆ ಸಾಕ್ಷಿ, ಮುಂದೆ ಕ್ವೀನ್ ತಂಡದ ಗಿಟಾರ್ ವಾದಕರಾದ ಬ್ರಯಾನ್ ಮೇ. ಆಗ ಅವರಿನ್ನೂ ಕಾಲೇಜು ಹುಡುಗ, ರೋರಿಯ ಅಭಿಮಾನಿ. ಲಂಡನ್‌ನ ಮಾರ್ಕೀ ಕ್ಲಬ್ಬಿನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಹೋಗಿ, ಈ ನಾದ ಹೇಗೆ ಬರುತ್ತದೆ ಅಂತ ನೇರವಾಗಿ ಕೇಳಿದರು. ರೋರಿ ಮುಚ್ಚುಮರೆ ಇಲ್ಲದೆ ಎರಡನ್ನೂ ತೋರಿಸಿದರು. ಮೇ ಹೋಗಿ ಹಳೇ ಎಸಿ30 ಹುಡುಕಿ ತಂದರು. ಅವರ ಕೈಯಲ್ಲಿದ್ದ ಗಿಟಾರ್ ಯಾವುದು ಗೊತ್ತಾ? 1963ರಲ್ಲಿ ಅಪ್ಪನ ಜೊತೆ ಸೇರಿ ಮನೆಯಲ್ಲೇ ಕಟ್ಟೋಕೆ ಶುರುಮಾಡಿದ್ದು. ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಟ್ರೆಮೊಲೊಗೆ ಮೋಟಾರ್‌ಬೈಕಿನ ವಾಲ್ವ್ ಸ್ಪ್ರಿಂಗ್. ಆ ಮನೆಯ ಗಿಟಾರನ್ನು ರೋರಿ ಹೇಳಿದ ಆಂಪ್‌ಗೆ ಹಾಕಿದಾಗ ಕ್ವೀನ್ ತಂಡದ ನಾದ ಹುಟ್ಟಿತು. ಅಭಿಮಾನಿ ಮೇ ಕೊಂಡದ್ದು ಆಂಪ್, 1961ರ ಸ್ಟ್ರಾಟ್ ಅಲ್ಲ.

ನಮ್ಮ ಮೈಸೂರು ಚೌಡಯ್ಯನವರನ್ನು ನೆನೆಯದೆ ಈ ಮಾತು ಮುಗಿಸೋಕೆ ಆಗಲ್ಲ. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಿಸಬೇಕು ಅಂತ ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿಸಿಕೊಂಡವರು ತಿರುಮಕೂಡಲಿನ ಆ ಮನುಷ್ಯ. ಬ್ಯಾಂಡಿನ ಗದ್ದಲದಲ್ಲಿ ಗಿಟಾರ್ ಕೇಳಿಸಲ್ಲ ಅಂತಲೇ ಅಮೆರಿಕದವರು ಅದಕ್ಕೆ ಕರೆಂಟು ಕೊಟ್ಟಿದ್ದು. ಪಿಟೀಲನ್ನು ಹೇಗಿತ್ತೋ ಹಾಗೇ ಇಟ್ಟುಕೊಂಡಿದ್ದರೆ ಚೌಡಯ್ಯನವರು ಚೌಡಯ್ಯ ಆಗುತ್ತಿದ್ದರಾ?

ಕರೆಂಟು ಅಂದ ಕೂಡಲೇ ನೆನಪಾಯಿತು, ಇದನ್ನು ನಿಮಗೆ ಯಾರೂ ಹೇಳಿರಲ್ಲ. 1961ರ ಸ್ಟ್ರಾಟ್‌ನ ಮೂರೂ ಪಿಕಪ್ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು. ಸುತ್ತಮುತ್ತಲಿನ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್ ಚೋಕು, ಡಿಮ್ಮರ್ ಎಲ್ಲದರ ಗುಂಯ್ ಸದ್ದನ್ನೂ ಅವು ಹಿಡಿಯುತ್ತವೆ. ಗಿಬ್ಸನ್‌ನ ಸೆತ್ ಲವರ್ ಕಂಡುಹಿಡಿದ ಹಂಬಕರ್ ಪಿಕಪ್ 1957ರಲ್ಲಿ ಬಂದದ್ದೇ ಇದಕ್ಕೆ ಮದ್ದಾಗಿ. ಎರಡು ಸುರುಳಿ ಎದುರುಬದುರಾಗಿ ಸುತ್ತಿ, ಒಂದರ ಅಯಸ್ಕಾಂತವನ್ನೂ ತಿರುಗಿಸಿಟ್ಟರೆ ಗುಂಯ್ ಒಂದಕ್ಕೊಂದು ವಜಾ ಆಗುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ. ಈಗಿನ ಎಷ್ಟೋ ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿ ಅಯಸ್ಕಾಂತವನ್ನೂ ಉಲ್ಟಾ ಇಟ್ಟಿರುತ್ತಾರೆ, ಎರಡೆರಡು ಸೇರಿಸಿದಾಗ ಸದ್ದು ಅಡಗುತ್ತದೆ. 1961ರದ್ದರಲ್ಲಿ ಆ ಅನುಕೂಲವೂ ಇಲ್ಲ. ಸೀರಿಯಲ್ ಲೈಟ್ ಹಾಕಿದ ಪೆಂಡಾಲಿನಲ್ಲಿ ಒಂದು ಸಲ ಪ್ಲಗ್ ಮಾಡಿ ನೋಡಿ, ಕಣಜದ ಗೂಡಿಗೆ ಕೈ ಹಾಕಿದ ಹಾಗಿರುತ್ತದೆ. ಜೊತೆಗೆ ಗಿಟಾರಿನ ತಂತಿಗಳು ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದ ಹಳೇ ಮನೆಯಲ್ಲಿ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು. ಇದು ತಮಾಷೆ ಅಲ್ಲ, ಜೀವ ಹೋಗುತ್ತದೆ. ಅಮೆರಿಕದ ಹಳೇ ಆಂಪ್ ಏನಾದರೂ ತಂದರೆ ಅದು 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರ ಚುಚ್ಚಬೇಡಿ.

ಸರಿ, ಆ ಗಿಟಾರನ್ನು ನೋಡೋದು ಹೇಗೆ? ಮುಂದಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಮುಖ ಹಳೆಯದು ಮಾಡೋದು ಸುಲಭ. 1995ರಿಂದ ಫೆಂಡರ್‌ನ ಕಸ್ಟಮ್ ಶಾಪ್‌ನವರೇ ಹೊಸ ಗಿಟಾರ್‌ಗಳನ್ನು ಸವೆಸಿ, ತುಕ್ಕು ಹಿಡಿಸಿ, 'ರೆಲಿಕ್' ಅಂತ ಮಾರುತ್ತಿದ್ದಾರೆ. ರೋರಿಯ ಗಿಟಾರಿನ ಗೀರು ಗೀರೂ ಬಿಡದೆ ನಕಲು ಮಾಡಿದ ಮಾಡೆಲ್ಲೂ ಇದೆ. ಹೊಸದಕ್ಕೇ ಕೆಲವು ಲಕ್ಷ ಬೀಳುತ್ತದೆ. ನಿಮಗೆ ಹೇಳಿರುವ ಬೆಲೆ ಅದರ ಪಕ್ಕದಲ್ಲೇ ಇದೆ ಅನ್ನೋದು ನನ್ನ ಅನುಮಾನ.

ಹಾಗಾಗಿ ಬಿಚ್ಚಬೇಕು. ಮಾರುವವರು ಬಿಚ್ಚೋಕೆ ಬಿಡಲ್ಲ ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ ಎದ್ದು ಬನ್ನಿ. ನೆಕ್ ಕೂಡುವ ಕಡೆ ಹಿಂದಿನ ಲೋಹದ ಪಟ್ಟಿಯ ಮೇಲೆ ನಂಬರ್ ಇರುತ್ತದೆ. ಅದು ಇಂಗ್ಲಿಷಿನ ವಿ ಅಕ್ಷರದಿಂದ ಶುರುವಾದರೆ 1982ರಿಂದೀಚೆಗೆ ಫೆಂಡರ್‌ನವರೇ ಮಾಡಿದ ಹಳೇ ಮಾದರಿಯ ಮರುತಯಾರಿ. ಜೆವಿ ಅಂತಿದ್ದರೆ ಜಪಾನಿನದು. ರೋರಿಯ ಗಿಟಾರಿನ ನಂಬರ್ 64351, ಬರೀ ಅಂಕಿ. ಆದರೆ ಪಟ್ಟಿಯನ್ನು ಯಾರು ಬೇಕಾದರೂ ಬದಲಿಸಬಹುದು, ಅದೊಂದನ್ನೇ ನಂಬಬೇಡಿ. ನೆಕ್ ಬಿಚ್ಚಿ ಬುಡ ನೋಡಿ. 1961ರಲ್ಲಿ ಸಾಮಾನ್ಯವಾಗಿ ಪೆನ್ಸಿಲ್‌ನಲ್ಲಿ ತಿಂಗಳು, ವರ್ಷ ಬರೆಯುತ್ತಿದ್ದರು. ರಬ್ಬರ್ ಸೀಲು ಬಂದಿದ್ದು 1962ರಿಂದ. ಹಾಗೇ ಫ್ರೆಟ್‌ಬೋರ್ಡಿನ, ಅಂದರೆ ಫ್ರೆಟ್ ಕೂರಿಸಿರುವ ಬೀಟೆ ಪಟ್ಟಿಯನ್ನು ನೆಕ್‌ನ ಕೊನೆಯಿಂದ ನೋಡಿ. 1962ರ ನಡುವಿನವರೆಗೆ ಅದು ದಪ್ಪ, ಕೆಳಭಾಗ ಚಪ್ಪಟೆ. ಆಮೇಲಿನದು ತೆಳ್ಳಗೆ, ಕೆಳಗೂ ಬಾಗಿರುತ್ತದೆ.

ಪಿಕ್‌ಗಾರ್ಡ್ ತೆಗೆದಾಗ ನಾನು ಮೊದಲು ಹುಡುಕೋದು ಏನನ್ನು ಹೇಳಿ? ಮೊಳೆಯ ತೂತು! ನಾನು ಪುಟ್ಟಿ ತುಂಬಿ ಮುಚ್ಚಿದೆನಲ್ಲ, ಅವೇ. ಆಗ ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆಯುವಾಗ ಮರ ಕೆಳಗೆ ತಾಗದಿರಲಿ ಅಂತ ಸಣ್ಣ ಮೊಳೆ ಹೊಡೆದು ಅದರ ಮೇಲೆ ನಿಲ್ಲಿಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ತೂತಿನ ಒಳಗೆ ಬಣ್ಣ ಇರಬಾರದು, ಬರೀ ಮರ ಕಾಣಬೇಕು. ಒಳಗೂ ಬಣ್ಣ ಇಳಿದಿದ್ದರೆ ಮೈಗೆ ಮತ್ತೊಮ್ಮೆ ಬಣ್ಣ ಹೊಡೆದಿದ್ದಾರೆ ಅಂತ ಲೆಕ್ಕ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಇದ್ದರೆ ಕತ್ತಲಲ್ಲಿ ಬಿಡಿ. ಹಳೇ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹಸಿರು ಹಳದಿಯಾಗಿ ಬೆಳಗುತ್ತದೆ, ಆಮೇಲೆ ತೇಪೆ ಹಾಕಿದ ಕಡೆ ಬೇರೆಯಾಗಿ ಕಾಣುತ್ತದೆ. ಗುಬ್ಬಿ ತಿರುವಿದಾಗ ದನಿ ಹೆಚ್ಚುಕಮ್ಮಿ ಮಾಡುವ, ಗುಬ್ಬಿಗಳ ಕೆಳಗಿನ ಪಾಟ್‌ಗಳ ಬೆನ್ನಿನಲ್ಲಿ ಅಂಕಿಗಳಿರುತ್ತವೆ. 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ, 137 ಅಂದರೆ ಸಿಟಿಎಸ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ. 3046120 ಅಂತಿದ್ದರೆ 1961ರ ಇಪ್ಪತ್ತನೇ ವಾರ. ಅಲ್ಲಿ 1978 ಅಂತ ಬಂದರೆ ಮಾತು ಮುಗಿಯಿತು. ಬೆಸುಗೆಯನ್ನು ಮಾತ್ರ ಮುಟ್ಟಬೇಡಿ, ಬಿಚ್ಚಿ ಹಾಕಿದ ಬೆಸುಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಹೊರದೇಶದಿಂದ ತರಿಸುವ ಯೋಚನೆ ಇದ್ದರೆ ಬೀಟೆಯದೂ ಒಂದು ಕಥೆ ಇದೆ. ಆ ಕಾಲದ ಫ್ರೆಟ್‌ಬೋರ್ಡ್ ಬ್ರೆಜಿಲ್ ಬೀಟೆ. 1992ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿದರೆ ಗಿಟಾರ್ ಜಪ್ತಿಯಾಗಬಹುದು. ಬ್ರೆಜಿಲ್‌ನದು ಸಿಗೋದು ಕಷ್ಟವಾದ ಮೇಲೆ ಅಮೆರಿಕದವರು ಕೈ ಚಾಚಿದ್ದು ನಮ್ಮ ಕಡೆಯ ಬೀಟೆಗೆ. ಎಪ್ಪತ್ತರ ದಶಕದ ಎಷ್ಟೋ ಅಮೆರಿಕನ್ ಗಿಟಾರ್‌ಗಳ ಮೇಲೆ ನಮ್ಮ ದಕ್ಷಿಣದ ಕಾಡಿನ ಮರ ಇದೆ. ಅದನ್ನು ನಾವು ವಿಂಟೇಜ್ ಅಂತ ಲಕ್ಷಗಟ್ಟಲೆ ಕೊಟ್ಟು ವಾಪಸ್ ತರಿಸಿಕೊಳ್ಳುತ್ತೇವೆ. ಇರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಮೆಕ್ಸಿಕೋದಲ್ಲಿ ಮಾಡಿದ ಫೆಂಡರ್ ಸ್ಟ್ರಾಟ್ ಲಕ್ಷದ ಆಸುಪಾಸಿನಲ್ಲಿ ಸಿಗುತ್ತದೆ. ಹಳೆಯದೇ ಬೇಕು ಅನ್ನೋ ಹಟ ಇದ್ದರೆ ಎಂಬತ್ತರ ದಶಕದ ಜಪಾನಿನದು ಹುಡುಕಿ, ಕೆಲಸ ತುಂಬ ಅಚ್ಚುಕಟ್ಟು. ಅದನ್ನು ಒಳ್ಳೆ ಕೈಯಲ್ಲಿ ಸೆಟಪ್ ಮಾಡಿಸಿ. ತಂತಿಯ ಎತ್ತರ, ನೆಕ್‌ನ ಬಾಗು, ನಟ್‌ನಲ್ಲಿ ತಂತಿ ಕೂರುವ ಕಚ್ಚು ಸರಿಯಾದರೆ ಅರ್ಧ ಗಿಟಾರ್ ಹೊಸದಾಗಿ ಕೊಂಡ ಹಾಗೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಹವೆ ಒಣಗಿ ಫ್ರೆಟ್‌ಗಳ ತುದಿ ಬೆರಳಿಗೆ ಚುಚ್ಚುತ್ತವೆ, ಮಳೆಗಾಲದಲ್ಲಿ ನೆಕ್ ಬಾಗುತ್ತದೆ. ವರ್ಷಕ್ಕೆರಡು ಸಲ ತೋರಿಸಬೇಕು. ಮಿಕ್ಕ ದುಡ್ಡಿನಲ್ಲಿ ಒಂದು ವಾಲ್ವ್ ಆಂಪ್. ಪೂರ್ತಿ 30 ವ್ಯಾಟಿನ ಎಸಿ30 ಬೇಡ, ಪಕ್ಕದ ಮನೆಯವರು ಸ್ಟೇಷನ್‌ಗೆ ಹೋಗುತ್ತಾರೆ. ಐದು ವ್ಯಾಟಿನದೂ ಕೋಣೆಗೆ ಜಾಸ್ತಿಯೇ. ಆಮೇಲೂ ದುಡ್ಡು ಉಳಿಯುತ್ತದೆ, ಅಪ್ಪನಿಗೆ ವಾಪಸ್ ಕೊಡಿ.

ಆದರೂ ಆ ಗಿಟಾರನ್ನು ನೋಡುವ ಆಸೆ ನನಗೂ ಇದೆ, ಸುಳ್ಳು ಹೇಳಲ್ಲ. ಮಾರುವವರು ಒಪ್ಪಿದರೆ ಅವರನ್ನೂ ಕರೆದುಕೊಂಡು ಒಂದು ಬೆಳಗ್ಗೆ ಅಂಗಡಿಗೆ ಬನ್ನಿ. ಅವರ ಮುಂದೆಯೇ ಬಿಚ್ಚಿ, ಮುಂದೆಯೇ ಕಟ್ಟಿ ಕೊಡುತ್ತೇನೆ. ಗಿಟಾರಿನ ಕೇಸ್ ಇದ್ದರೆ ಅದನ್ನೂ ತನ್ನಿ. 1961ರ ಕೇಸ್ ಸಾಮಾನ್ಯವಾಗಿ ಕಂದು ಬಣ್ಣದ್ದು. ಮೈ ಹಳೆಯದು ಮಾಡಿ ಮಾರುವವರು ಕೇಸನ್ನು ಮಾತ್ರ ಎಷ್ಟೋ ಸಲ ಮರೆತುಬಿಡುತ್ತಾರೆ.